20 ಎಕರೆ ಹುಲ್ಲು ಕೊಯ್ಯಲು 45 ಎಚ್‌ಪಿ ಟ್ರ್ಯಾಕ್ಟರಿಗೆ ಯಾವ ಯಂತ್ರ ಹೊಂದುತ್ತದೆ?

ಹೊಳಲ್ಕೆರೆ ಕಡೆ 20 ಎಕರೆ ಹುಲ್ಲಿನ ಜಮೀನಿದೆ, ಮನೆಯಲ್ಲಿ 45 ಎಚ್‌ಪಿ ಟ್ರ್ಯಾಕ್ಟರ್ ಇದೆ, ಸ್ಲ್ಯಾಷರ್ ಕೊಳ್ಳಲೋ ಫ್ಲೇಲ್ ಮೋವರ್ ಕೊಳ್ಳಲೋ ಎಂದು ಕೇಳಿದ್ದೀರಿ. ಕೊಯ್ದ ಹುಲ್ಲನ್ನು ಏನು ಮಾಡುತ್ತೀರಿ ಎಂಬುದನ್ನು ಮಾತ್ರ ಬರೆದಿಲ್ಲ. ಯಂತ್ರ ಯಾವುದೆಂದು ತೀರ್ಮಾನವಾಗುವುದು ಅದರಿಂದಲೇ. ಎಚ್‌ಪಿ ಲೆಕ್ಕ ಆಮೇಲಿನದು.

ನಾನು ಚಳ್ಳಕೆರೆ ತಾಲ್ಲೂಕಿನವನು. ಮನೆಯಲ್ಲಿ ದನವೂ ಇವೆ, ಕುರಿಯೂ ಇವೆ. ಬೇಸಿಗೆಯ ಮೇವಿಗೆ ಬೀಳುಭೂಮಿಯ ಹುಲ್ಲನ್ನೇ ನಂಬಿಕೊಂಡವರು ನಾವು. ಆದ್ದರಿಂದ ಮೇವಿನ ಕಡೆಯಿಂದಲೇ ಹೇಳುತ್ತೇನೆ.

ಸ್ಲ್ಯಾಷರ್ ಹುಲ್ಲನ್ನು ಕೊಯ್ಯುವುದಿಲ್ಲ, ಬಡಿಯುತ್ತದೆ. ತಗಡಿನ ಮುಚ್ಚಳದಡಿ ಎರಡೋ ಮೂರೋ ದಪ್ಪ ಬ್ಲೇಡುಗಳು ಗಿರಗಿರನೆ ತಿರುಗಿ ಹುಲ್ಲನ್ನು ತುಂಡು ತುಂಡು ಮಾಡಿ ಅಲ್ಲೇ ಚೆಲ್ಲುತ್ತವೆ. ಲಂಟಾನ, ಎಳೆಯ ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡ ಬೆಳೆದ ಜಾಗಕ್ಕೆ ಇದಕ್ಕಿಂತ ಗಟ್ಟಿ ಯಂತ್ರವಿಲ್ಲ. ಬ್ಲೇಡು ಬೋಲ್ಟಿನ ಮೇಲೆ ಸಡಿಲವಾಗಿ ತೂಗುವುದರಿಂದ ಕಲ್ಲು ತಗುಲಿದರೆ ಹಿಂದಕ್ಕೆ ಮಡಚಿಕೊಂಡು ಪಾರಾಗುತ್ತದೆ. ಆದರೆ ಬಣವೆ ಒಟ್ಟಲು ಹೋದರೆ ಕೈಗೆ ಸಿಗುವುದು ಪುಡಿ ಮತ್ತು ಮಣ್ಣು. ಅದನ್ನು ದನ ಮೂಸಿ ನೋಡಿ ಬಿಡುತ್ತವೆ.

ಫ್ಲೇಲ್ ಮೋವರಿನಲ್ಲಿ ಅಡ್ಡ ದಿಂಡಿನ ಉದ್ದಕ್ಕೂ ಸಣ್ಣ ಸಣ್ಣ ಅಲಗುಗಳು ಜೋತುಬಿದ್ದಿರುತ್ತವೆ. ಕಲ್ಲು ಹಾರುವುದು ಕಡಿಮೆ, ಹುಲ್ಲು ನುಣ್ಣಗಾಗುತ್ತದೆ. ಅಡಿಕೆ ತೋಟದ ಸಾಲಿಗೆ, ರಸ್ತೆ ಬದಿಗೆ ಒಳ್ಳೆಯದು. ನಮ್ಮ ಕಡೆಯ ನೊರಜುಗಲ್ಲಿನ ಹೊಲದಲ್ಲಿ ಅಷ್ಟೂ ಅಲಗುಗಳು ಬೇಗ ಸವೆಯುತ್ತವೆ, ಅದೇ ಅಗಲದ ಸ್ಲ್ಯಾಷರಿಗಿಂತ ಹೆಚ್ಚು ಶಕ್ತಿಯನ್ನೂ ಬೇಡುತ್ತದೆ. ನಿಮಗೆ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಮೇವು ಬೇಕಾದರೆ ಬುಡದಲ್ಲಿ ಒಂದೇ ಸಲ ಕತ್ತರಿಸಿ, ಕಡ್ಡಿಯನ್ನು ಇಡಿಯಾಗಿ ಮಲಗಿಸುವ ಯಂತ್ರ ಬೇಕು. ಅಂಥವು ಎರಡಿವೆ. ಕಟರ್ ಬಾರ್ ಎಂಬುದು ಕುಡುಗೋಲಿನ ತಮ್ಮನಿದ್ದಂತೆ: ಪಟ್ಟಿಯೊಂದಕ್ಕೆ ರಿವೆಟ್ ಹೊಡೆದ ತ್ರಿಕೋನ ಅಲಗುಗಳು ಕಬ್ಬಿಣದ ಬೆರಳುಗಳ ನಡುವೆ ಎಡಕ್ಕೂ ಬಲಕ್ಕೂ ಓಡಾಡುತ್ತವೆ. ತೀರಾ ಕಡಿಮೆ ಶಕ್ತಿ ಸಾಕು, ಡೀಸೆಲ್ ಉಳಿಯುತ್ತದೆ. ಆದರೆ ಬೆರಳುಗಳ ಸಂದಿಗೆ ಗೋಲಿಯಷ್ಟು ಕಲ್ಲು ಸಿಕ್ಕಿದರೂ ಅಲಗು ಮುರಿಯುತ್ತದೆ. ಹುತ್ತಕ್ಕೆ ತಗುಲಿದರೆ ಪಟ್ಟಿಯೇ ಬಾಗುತ್ತದೆ. ಮಲಗಿದ ಹಸಿ ಹುಲ್ಲು ಕಟ್ಟಿಕೊಂಡರೆ ಇಳಿದು ಬಿಡಿಸಬೇಕು, ಅದೂ ಎಂಜಿನ್ ನಿಲ್ಲಿಸಿ. ಎರಡನೆಯದು ಡ್ರಮ್ ಮೋವರ್. ಎರಡು ಡ್ರಮ್‌ಗಳು ಎದುರುಬದುರಾಗಿ ತಿರುಗಿ, ಕೊಯ್ದ ಹುಲ್ಲನ್ನು ನಡುವೆ ಸಾಲಾಗಿ ಬಿಡುತ್ತವೆ. ತೂಕ ಹೆಚ್ಚು, ಬೆಲೆಯೂ ಹೆಚ್ಚು. ಆದರೂ ಒತ್ತಾದ ಹುಲ್ಲಿಗೆ, ಸಣ್ಣ ಕಲ್ಲಿಗೆ ಹೆದರುವುದಿಲ್ಲ. ಒಂದೂವರೆ ಮೀಟರಿನ ಆಸುಪಾಸಿನದನ್ನು ನಿಮ್ಮ 45 ಎಚ್‌ಪಿ ಸಲೀಸಾಗಿ ಎಳೆಯುತ್ತದೆ. ಮೇವಿಗೆ ನನ್ನ ಆಯ್ಕೆ ಇದೇ.

ಬರೀ ಜಮೀನು ಚೊಕ್ಕಟವಾಗಿರಲಿ ಎಂದಾದರೆ 5 ಅಡಿಯ ಸ್ಲ್ಯಾಷರ್ ಸಾಕು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋದರೆ, ತಿರುವು ಮತ್ತು ಒಂದರ ಮೇಲೊಂದು ಬೀಳುವ ಅಂಚು ಕಳೆದು, ಗಂಟೆಗೆ ಸುಮಾರು 1.4 ಎಕರೆ ಆಗುತ್ತದೆ. 20 ಎಕರೆಗೆ ಎರಡು ದಿನದ ಕೆಲಸ. 6 ಅಡಿಯದಕ್ಕೆ ಆಸೆಪಡುವ ಮುನ್ನ ಒಂದು ಮಾತು: ಪಿಟಿಒಗೆ, ಅಂದರೆ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಹಿಂದಿನ ದಿಂಡಿಗೆ, ತಲುಪುವ ಶಕ್ತಿ ಎಂಜಿನ್ನಿನ ಎಚ್‌ಪಿಗಿಂತ ಶೇಕಡಾ 10ರಿಂದ 15ರಷ್ಟು ಕಡಿಮೆ ಇರುತ್ತದೆ. ಒತ್ತು ಹುಲ್ಲಿನಲ್ಲಿ ಎಂಜಿನ್ ಏದುಸಿರು ಬಿಡುವುದು ಅದರಿಂದಲೇ.

ಕೊಳ್ಳುವ ಮುಂಚೆ ನಿಮ್ಮ ಟ್ರ್ಯಾಕ್ಟರಿನ ಕ್ಲಚ್ ಯಾವುದೆಂದು ನೋಡಿ. ಇದನ್ನು ಅಂಗಡಿಯವರು ಹೇಳುವುದು ಅಪರೂಪ. ಸಿಂಗಲ್ ಕ್ಲಚ್ ಆದರೆ ಪೆಡಲ್ ಒತ್ತಿದಾಗ ಎಂಜಿನ್ನಿನ ಹಿಡಿತ ಬಿಡುತ್ತದೆ, ಆದರೆ ರಭಸದಲ್ಲಿ ತಿರುಗುತ್ತಿರುವ ಭಾರದ ಬ್ಲೇಡು ನಿಲ್ಲದೆ ಪಿಟಿಒ ಮೂಲಕ ಗೇರನ್ನು ತಿರುಗಿಸಿ ಟ್ರ್ಯಾಕ್ಟರನ್ನೇ ಮುಂದಕ್ಕೆ ನೂಕುತ್ತದೆ. ಮುಂದೆ ಬದುವೋ ಬಾವಿಯೋ ಇದ್ದರೆ ಅನಾಹುತ. ಒಂದೇ ದಿಕ್ಕಿಗೆ ಹಿಡಿಯುವ ಓವರ್‌ರನಿಂಗ್ ಕ್ಲಚ್ ಅನ್ನು ಪಿಟಿಒ ಶಾಫ್ಟಿಗೆ ಹಾಕಿಸಿದರೆ ಈ ತೊಂದರೆ ಇರುವುದಿಲ್ಲ. ಚಕ್ರಕ್ಕೂ ಪಿಟಿಒಗೂ ಬೇರೆ ಬೇರೆ ಕ್ಲಚ್ ಇರುವ ಡಬಲ್ ಕ್ಲಚ್ ಆದರೆ ಸಲೀಸು. ಜೊತೆಗೆ, ಭಾರ ಮಿತಿಮೀರಿದಾಗ ತಾನೇ ಜಾರುವ ಸ್ಲಿಪ್ ಕ್ಲಚ್ಚೋ ತಾನೇ ತುಂಡಾಗುವ ಶಿಯರ್ ಬೋಲ್ಟೋ ಇರಲೇಬೇಕು. ಇಲ್ಲದಿದ್ದರೆ ಬಂಡೆ ತಗುಲಿದಾಗ ಪೆಟ್ಟು ನೇರ ಗೇರ್‌ಬಾಕ್ಸಿಗೆ ಬೀಳುತ್ತದೆ. ಶಿಯರ್ ಬೋಲ್ಟ್ ತುಂಡಾದರೆ ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿ, ಗಟ್ಟಿಯದು ಸಿಕ್ಕಿತೆಂದು ಅದನ್ನು ಬಿಗಿಯಬೇಡಿ.

ಪಿಟಿಒ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ನಮ್ಮಲ್ಲಿ ಕಿತ್ತು ಎಸೆಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಪಿಟಿಒ ತಿರುಗುವ ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚೋ ಟವೆಲ್ಲಿನ ತುದಿಯೋ ಸಿಕ್ಕಿದರೆ ಕೈ ಎಳೆದುಕೊಳ್ಳುವಷ್ಟೂ ಹೊತ್ತು ಸಿಗದು. ಸ್ಲ್ಯಾಷರ್ ಓಡುವಾಗ 100 ಮೀಟರಿನೊಳಗೆ ಕುರಿ ಕಾಯುವ ಹುಡುಗರು ಸುಳಿಯಬಾರದು; ಹಿಂದಿನ ಸರಪಳಿ ಪರದೆ ಇರುವ ಯಂತ್ರವನ್ನೇ ಕೊಳ್ಳಿ. ಒಣಗಿದ ಹುಲ್ಲಿನಲ್ಲಿ ಕಲ್ಲಿಗೆ ಬ್ಲೇಡು ತಗುಲಿದ ಕಿಡಿ ಸಾಕು, ಹೊಲವೇ ಹೊತ್ತಿಕೊಳ್ಳುತ್ತದೆ. ನೀರಿನ ಡ್ರಮ್ ಹತ್ತಿರ ಇರಲಿ.

ಕೊಯ್ಯುವ ಹೊತ್ತನ್ನೂ ಹೇಳಿಬಿಡುತ್ತೇನೆ. ಹುಲ್ಲು ಹೂ ಬಿಡುವಾಗ ಕೊಯ್ದರೆ ಸತ್ವ ಹೆಚ್ಚು. ಬೀಜ ಬಲಿತ ಮೇಲೆ ಕಡ್ಡಿ ಒರಟಾಗುತ್ತದೆ, ಕೆಲವು ಹುಲ್ಲಿನ ಸೂಜಿಬೀಜ ಕುರಿಯ ಬಾಯಿ, ಉಣ್ಣೆಗೆ ಚುಚ್ಚುತ್ತದೆ. ನಮ್ಮ ಜಿಲ್ಲೆಯಲ್ಲಿ ಹೂವಿನ ಹೊತ್ತಿಗೇ ಹಿಂಗಾರು ಹಿಡಿಯುತ್ತದೆ. ಚಿತ್ತಾ ಮಳೆ ತುಸು ಬಿಡುವು ಕೊಟ್ಟು ಎರಡು ಮೂರು ದಿನ ಬಿಸಿಲು ನಿಲ್ಲುವಂತಿದ್ದರೆ ತಡಮಾಡಬೇಡಿ. ನಾಲ್ಕು ಬೆರಳಿನಷ್ಟು ಕೂಳೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಬ್ಲೇಡಿಗೆ ಕಲ್ಲು ತಗುಲುವುದೂ ಕಡಿಮೆ. ಹೊಲದ ನಡುವಿನಿಂದ ಶುರುಮಾಡಿ ಅಂಚಿಗೆ ಬನ್ನಿ. ಮೊಲ, ಕೌಜುಗ ಬೇಲಿಯತ್ತ ಓಡಲು ದಾರಿ ಸಿಗುತ್ತದೆ.

ಹಣ ಕಟ್ಟುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಪಟ್ಟಿಯಲ್ಲಿ ಈ ಯಂತ್ರ ಇದೆಯೇ ವಿಚಾರಿಸಿ, ಫ್ರೂಟ್ಸ್ ಸಂಖ್ಯೆ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಜೊತೆಗಿರಲಿ. ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಪಕ್ಕದೂರಿನವರಲ್ಲೋ ಬಾಡಿಗೆಗೆ ಸಿಕ್ಕರೆ ನಿಮ್ಮ ಹೊಲದ ಕಲ್ಲು ಹೆಚ್ಚಿರುವ ಮೂಲೆಯಲ್ಲೇ ಮೊದಲು ಓಡಿಸಿ ನೋಡಿ. ಬ್ಲೇಡು, ಅದರ ಬೋಲ್ಟು, ಶಾಫ್ಟಿನ ಕ್ರಾಸ್ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ದೊರೆಯುವ ಕಂಪನಿಯದನ್ನೇ ಆರಿಸಿ, ಮೊದಲ ದಿನವೇ ಒಂದು ಜೊತೆ ಹೆಚ್ಚುವರಿ ಬ್ಲೇಡು ತಂದಿಟ್ಟುಕೊಳ್ಳಿ. ಒಂದನ್ನೇ ಬದಲಿಸಿದರೆ ತೂಕ ಏರುಪೇರಾಗಿ ಗೇರ್‌ಬಾಕ್ಸ್ ಅದುರುತ್ತದೆ, ಆದ್ದರಿಂದ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು.