ಆರ್ಕಿಡ್‌ಗೆ ಮಣ್ಣು ಹಾಕಬಹುದಾ?

ಪ್ರಶ್ನೆ: ನನ್ನ ಫಲೆನಾಪ್ಸಿಸ್ ಆರ್ಕಿಡ್‌ನ ಬೇರು ಕುಂಡದಿಂದ ಹೊರಗೆ ಚಾಚಿವೆ. ಮಣ್ಣು ತುಂಬಿ ದೊಡ್ಡ ಕುಂಡಕ್ಕೆ ಹಾಕಲಾ?

ಉತ್ತರ: ದಯವಿಟ್ಟು ಮಣ್ಣು ಬೇಡ. ಇದು ಕಾಡಿನಲ್ಲಿ ಮರ ಹಿಡಿದು ಬೆಳೆಯುವ ಗಿಡ ಅಲ್ವಾ, ಬೇರಿಗೆ ಗಾಳಿ ಆಡದಿದ್ದರೆ ಕೊಳೆಯುತ್ತದೆ. ಬೇರು ಹೊರಗೆ ಬರುವುದು ಸಹಜ, ಅದಕ್ಕೇ ಸುಮ್ನೆ ಕುಂಡ ಬದಲಿಸಬೇಡಿ. ಕುಂಡದಲ್ಲಿ ಮಣ್ಣಿನ ಬದಲು ಹಾಕಿರುವ ಮರದ ತೊಗಟೆ ಹಳೆಯದಾಗಿ, ಪುಡಿಯಾಗಿ ನೀರು ಹಿಡಿದುಕೊಳ್ಳುತ್ತಿದ್ದರೆ, ಸಾಮಾನ್ಯವಾಗಿ 1–2 ವರ್ಷಕ್ಕೊಮ್ಮೆ, ಹೂ ಉದುರಿದ ಮೇಲೆ ಬದಲಿಸಿ.

ಗಿಡ ಹೊರಗೆ ತೆಗೆದು ಪ್ರತಿ ಬೇರನ್ನೂ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ: ಗಟ್ಟಿಯಿದ್ದರೆ ಇರಲಿ, ಮೆತ್ತಗಾಗಿ ಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಮಾತ್ರ ಉಳಿದಿದ್ದರೆ ಶುಚಿಯಾದ ಕತ್ತರಿಯಿಂದ ತೆಗೆದುಬಿಡಿ. ಕುಂಡ ತುಂಬಲು ದಪ್ಪ ತೊಗಟೆ ಚೂರುಗಳಿಗೆ ಸ್ವಲ್ಪ ಇದ್ದಿಲು ಬೆರೆಸಿದರೆ ಸಾಕು. ತೆಂಗಿನ ಸಿಪ್ಪೆಯ ತುಂಡೂ ಆಗುತ್ತದೆ, ಆದರೆ ನೀರು ಬದಲಿಸುತ್ತಾ ನೆನೆಸಿ ಉಪ್ಪಿನಂಶ ತೆಗೆಯಿರಿ. ಕುಂಡ ಬೇರಿಗೆ ಹಿಡಿಸುವಷ್ಟಿದ್ದರೆ ಸಾಕು, ಜಾಸ್ತಿ ದೊಡ್ಡದು ಬೇಡ.