ತೊಳೆಯೊಳಗಿನ ಹುಳು, ಅಂಡಿಗೆಯೊಳಗಿನ ತೇವ: ಹತ್ತಿ ಬೆಳೆಗಾರರ ಪ್ರಶ್ನೆಗಳು

ಪ್ರಶ್ನೆ: ಬಿಟಿ ಬೀಜವನ್ನೇ ಹಾಕಿದ್ದೇವೆ, ಮೂರು ಸಲ ಔಷಧ ಹೊಡೆದಿದ್ದೇವೆ. ಹೊರಗಿನಿಂದ ಕಾಯಿಗೆ ಏನೂ ಆದಂತೆ ಕಾಣುವುದಿಲ್ಲ. ಬಿರಿದಾಗ ಮಾತ್ರ ಎರಡು ತೊಳೆ ಅರಳಿ, ಉಳಿದವು ಕಪ್ಪಗೆ ಅಂಟಿಕೊಂಡಿರುತ್ತವೆ. ಬೀಜ ನಕಲಿಯೇ? (ಮಾನ್ವಿ ತಾಲ್ಲೂಕು)

ಉತ್ತರ: ಬೀಜ ಅಸಲಿಯಾಗಿದ್ದರೂ ಹೀಗಾಗುತ್ತದೆ. ಇದು ಗುಲಾಬಿ ಕಾಯಿಕೊರಕದ ಕೆಲಸ. ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ್ದು ಬಿಟಿ ಹತ್ತಿ; ಅದರಲ್ಲಿ ಎರಡು ಜೀನ್‌ಗಳದ್ದು ನಮ್ಮಲ್ಲಿ 2006ರಲ್ಲಿ ಬಂತು. 2014-15ರ ಹೊತ್ತಿಗೆ ಗುಜರಾತಿನಲ್ಲಿ ಈ ಹುಳು ಎರಡನ್ನೂ ಅರಗಿಸಿಕೊಂಡಿತ್ತು. ಹಸಿರು ಕಾಯಿಕೊರಕದ ವಿರುದ್ಧ ಬಿಟಿ ಇಂದಿಗೂ ಆಸರೆ, ಗುಲಾಬಿಯ ವಿರುದ್ಧ ಅಲ್ಲ.

ನಾವು ಬಿತ್ತುವುದು ಹೈಬ್ರಿಡ್ ಎಂಬುದೂ ಇದಕ್ಕೆ ಒಂದು ಕಾರಣ. ಗಿಡದ ಎಲೆಯಲ್ಲಿ ಎರಡೂ ವಿಷ ಪ್ರೋಟೀನ್ ಇರುತ್ತವೆ, ಆದರೆ ಕಾಯಿಯೊಳಗಿನ ಬೀಜ ಮುಂದಿನ ಪೀಳಿಗೆ. ಅಲ್ಲಿ ಗುಣ ಒಡೆದು ಹಂಚಿಹೋಗುತ್ತದೆ. ಲೆಕ್ಕದಂತೆ 16 ಬೀಜಗಳಲ್ಲಿ 9ರಲ್ಲಿ ಎರಡೂ, ಮೂರರಲ್ಲಿ ಒಂದು, ಇನ್ನು ಮೂರರಲ್ಲಿ ಮತ್ತೊಂದು; ಉಳಿದ ಒಂದರಲ್ಲಿ ಏನೂ ಇಲ್ಲ. ಗುಲಾಬಿ ಹುಳು ತಿನ್ನುವುದು ಆ ಬೀಜವನ್ನೇ. ಒಂದೇ ಕಾಯಿಯಲ್ಲಿ ಅದಕ್ಕೆ ವಿಷವೂ ಸಿಗುತ್ತದೆ, ಊಟವೂ ಸಿಗುತ್ತದೆ. ಒಗ್ಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಮೊಟ್ಟೆಯೊಡೆದ ಮರಿ ಕೆಲವೇ ಗಂಟೆಗಳಲ್ಲಿ ಎಳೆಕಾಯಿಯೊಳಗೆ ಹೋಗುತ್ತದೆ, ಹೊಕ್ಕ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊಡೆದ ಔಷಧ ಕಾಯಿಯ ಸಿಪ್ಪೆಯ ಮೇಲೇ ಉಳಿಯುತ್ತದೆ. ನಿಮ್ಮ ಮೂರು ಸಿಂಪಡಣೆ ಹೆಚ್ಚುಕಡಿಮೆ ಹೀಗೇ ಹೋಗಿರಬೇಕು.

ಹಾಗಾಗಿ ಪತಂಗವನ್ನು ಎಣಿಸುವುದನ್ನು ರೂಢಿ ಮಾಡಿಕೊಳ್ಳಿ. ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆಗಳನ್ನು (ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗವನ್ನು ಸೆಳೆಯುವ ಬಲೆ) ಗಿಡದ ತುದಿಗಿಂತ ಒಂದಡಿ ಮೇಲೆ ಕಟ್ಟಿ, ಗಿಡ ಬೆಳೆದಂತೆ ಬಲೆಯನ್ನೂ ಏರಿಸಿ. ಬಲೆಯೊಳಗಿಡುವ ಲ್ಯೂರ್ (ಆ ವಾಸನೆಯ ತುಣುಕು) ಗುಲಾಬಿ ಕಾಯಿಕೊರಕದ್ದೇ ಇರಲಿ. ಅಂಗಡಿಯಲ್ಲಿ ಹಸಿರು ಕಾಯಿಕೊರಕದ್ದನ್ನು ಕೊಟ್ಟುಬಿಟ್ಟರೆ ಬಲೆ ಖಾಲಿಯಿದ್ದು ನಿಮಗೆ ಸುಳ್ಳು ಧೈರ್ಯ ಬರುತ್ತದೆ. ಔಷಧ ಮುಟ್ಟಿದ ಕೈಯಲ್ಲಿ ಲ್ಯೂರ್ ಹಿಡಿಯಬೇಡಿ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಸಿಂಪಡಣೆಗೆ ಹೊತ್ತು ಬಂತೆಂದು ತಿಳಿಯಿರಿ.

ಬಲೆಯನ್ನೇ ನಂಬಿ ಕೂರುವುದೂ ಬೇಡ. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 20 ಹಸಿಕಾಯಿ ಕಿತ್ತು ಸೀಳಿ ನೋಡಿ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಮೆತ್ತಗಿರುವ, ಎರಡು ಮೂರು ವಾರದ ಕಾಯಿಗಳನ್ನು ಆರಿಸಿ. ಎರಡರಲ್ಲಿ ಜೀವಂತ ಹುಳು ಸಿಕ್ಕರೆ ಹಾನಿ 10% ಎಂದು ಲೆಕ್ಕ. ಅರಳದೆ ಗುಲಾಬಿ ಮೊಗ್ಗಿನಂತೆ ಮುದುಡಿ ನಿಂತ ಹೂಗಳನ್ನು ಕಿತ್ತು ಅಲ್ಲೇ ಬಿಸಾಡದೆ ಸುಟ್ಟುಬಿಡಿ. ಸಿಂಪಡಣೆಗೆ ಲೀಟರಿಗೆ ಪ್ರೊಫೆನೊಫಾಸ್ 50 ಇಸಿ 2 ಮಿ.ಲೀ. ಅಥವಾ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಅರ್ಧ ಗ್ರಾಂ ಸಾಕು. ಒಂದನ್ನೇ ಮತ್ತೆ ಮತ್ತೆ ಹೊಡೆಯಬೇಡಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಬೇಗನೆ ಬಳಸಿದರೆ ಬಿಳಿನೊಣ ಏಳುತ್ತದೆ, ಅವನ್ನು 120 ದಿನದ ನಂತರಕ್ಕೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಡಿಸೆಂಬರ್ ಮುಗಿಯುವಷ್ಟರಲ್ಲಿ ಹೊಲ ಖಾಲಿಯಾಗಬೇಕು. ಇನ್ನೊಂದು ಬಿಡಿಸು ಸಿಗಲಿ ಎಂದು ನೀರು ಬಿಟ್ಟು ಬೆಳೆಯನ್ನು ಮಾರ್ಚ್‌ವರೆಗೆ ಎಳೆಯುವವರು ಮುಂದಿನ ವರ್ಷದ ಹುಳುವನ್ನು ಸಾಕುತ್ತಿರುತ್ತಾರೆ. ಕುರಿ ಮೇಯಿಸಿ, ಕಟ್ಟಿಗೆಯನ್ನು ಪುಡಿಮಾಡಿ ಮಣ್ಣಿಗೆ ಸೇರಿಸಿ. ಬದುವಿನ ಮೇಲೆ ಬಣವೆ ಒಟ್ಟಬೇಡಿ, ಒಣಗಿದ ಕಾಯಿಯಲ್ಲೇ ಹುಳು ಮಲಗಿರುತ್ತದೆ.

ಪ್ರಶ್ನೆ: ಖರೀದಿ ಕೇಂದ್ರದಲ್ಲಿ ತೇವ 12% ಎಂದು ದರ ಕಡಿದರು. ಇನ್ನಷ್ಟು ಒಣಗಿಸಿ ತಂದಿದ್ದರೆ ಲಾಭವಾಗುತ್ತಿತ್ತೇ? (ಶಹಾಪುರ)

ಉತ್ತರ: ಕಾಗದದ ಮೇಲೆ ಇಲ್ಲ. 2025-26ರ ಬೆಂಬಲ ಬೆಲೆ ಉದ್ದ ಎಳೆಗೆ ಕ್ವಿಂಟಲಿಗೆ 8,110 ರೂ., ಮಧ್ಯಮ ಎಳೆಗೆ 7,710 ರೂ. ಭಾರತೀಯ ಹತ್ತಿ ನಿಗಮ 8% ತೇವಕ್ಕೆ ಪೂರ್ತಿ ದರ ಕೊಡುತ್ತದೆ, ಅದರ ಮೇಲೆ ಒಂದೊಂದು ಶೇಕಡಾಕ್ಕೂ ಒಂದು ಶೇಕಡಾ ಕಡಿಯುತ್ತದೆ, 12 ದಾಟಿದರೆ ಗಾಡಿ ವಾಪಸು.

ಉದ್ದ ಎಳೆಯ ಆ ದರದಲ್ಲಿ ಹತ್ತು ಕ್ವಿಂಟಲ್ ಹತ್ತಿಯನ್ನು 12% ತೇವದಲ್ಲೇ ಕೊಟ್ಟರೆ ನಾಲ್ಕು ಶೇಕಡಾ ಹೋಗಿ 77,856 ರೂ. ಬರುತ್ತದೆ. ಅದನ್ನೇ 8%ಗೆ ಒಣಗಿಸಿದರೆ ತೂಕ 956 ಕಿಲೋ ಚಿಲ್ಲರೆಗೆ ಇಳಿದು ಸುಮಾರು 77,574 ರೂ. ಅಂದರೆ ಕಡಿದದ್ದು ನೀರಿನ ಬೆಲೆಯನ್ನಷ್ಟೇ. ಇದರಲ್ಲಿ ಮೋಸವೇನೂ ಇಲ್ಲ.

ಅಪಾಯವಿರುವುದು 12ರ ಗಡಿಯಲ್ಲಿ. ತೇವ ಅಳೆಯುವ ಮೀಟರ್‌ನ ಮುಳ್ಳನ್ನು ಅಂಡಿಗೆಯ (ಹತ್ತಿ ತುಂಬಿದ ದೊಡ್ಡ ಚೀಲದ) ನಡುವಿಗೆ ಚುಚ್ಚುತ್ತಾರೆ, ಅಲ್ಲಿ ತೇವ ಮೇಲಿಗಿಂತ ಹೆಚ್ಚು. ಹಾಗಾಗಿ 10ರ ಆಸುಪಾಸಿಗೆ ಗುರಿಯಿಡಿ. ಮಂಜು ಆರಿದ ಮೇಲೆ, ಹತ್ತು ಗಂಟೆಯ ನಂತರ ಬಿಡಿಸಿ. ತೆಳುವಾಗಿ ಹರಡಿ ಮಧ್ಯಾಹ್ನದ ಬಿಸಿಲಿನಲ್ಲಿ ಒಂದೆರಡು ಸಲ ತಿರುವಿ. ಬೀಜ ಹಲ್ಲಿಗೆ ಹಾಕಿದಾಗ ಕಟ್ ಎಂದು ಒಡೆದರೆ ಒಣಗಿದೆ. ಜಜ್ಜಿದಂತಾದರೆ ಇನ್ನೊಂದು ದಿನ ಬೇಕು. ತೂಕಕ್ಕೆಂದು ನೀರು ಚಿಮುಕಿಸುವವರಿದ್ದಾರೆ. ಎರಡೇ ದಿನದಲ್ಲಿ ಅಂಡಿಗೆ ಒಳಗೊಳಗೇ ಕಾದು ಅರಳೆ ಹಳದಿಯಾಗುತ್ತದೆ, ಆ ಬಣ್ಣ ಮತ್ತೆ ಹೋಗುವುದಿಲ್ಲ.

ಪ್ರಶ್ನೆ: ಪೇಪರಿನಲ್ಲಿ ಅರಳೆ ಖಂಡಿಗೆ ಇಷ್ಟು ಸಾವಿರ ಎಂದಿರುತ್ತದೆ. ನಮ್ಮ ಹತ್ತಿಗೆ ಅದು ಕ್ವಿಂಟಲಿಗೆ ಎಷ್ಟಾಗುತ್ತದೆ? (ರಾಣೆಬೆನ್ನೂರು)

ಉತ್ತರ: ಖಂಡಿ ಎಂದರೆ 356 ಕಿಲೋ ಅರಳೆ, ಅಂದರೆ ಬೀಜ ತೆಗೆದ ಹತ್ತಿ. ಕ್ವಿಂಟಲ್ ಹತ್ತಿ ಜಿನ್ನಿಗೆ (ಬೀಜ ಬೇರ್ಪಡಿಸುವ ಗಿರಣಿಗೆ) ಹೋದರೆ ಸುಮಾರು 34 ಕಿಲೋ ಅರಳೆ, 64 ಕಿಲೋ ಬೀಜ ಬಂದು ಎರಡು ಕಿಲೋ ಕಸವಾಗಿ ಹೋಗುತ್ತದೆ. ಲೆಕ್ಕಕ್ಕೆಂದು ಖಂಡಿಗೆ 54,000, ಬೀಜ ಕಿಲೋಗೆ 35 ರೂ. ಎಂದಿಟ್ಟುಕೊಳ್ಳಿ. ಅರಳೆಯಿಂದ 5,157, ಬೀಜದಿಂದ 2,240, ಒಟ್ಟು 7,397. ಇದರಲ್ಲಿ ಜಿನ್ನಿಂಗ್, ಪ್ರೆಸ್ಸಿಂಗ್, ಸಾಗಣೆ, ಮಿಲ್ಲಿನವರ ಲಾಭ ಕಳೆದರೆ ಉಳಿಯುವುದು ನಿಮ್ಮ ದರ. ಅರಳೆ 34ರ ಬದಲು 32 ಬಂದರೆ, ಬೀಜ ಎರಡು ಕಿಲೋ ಹೆಚ್ಚಾದರೂ 233 ರೂ. ಕಮ್ಮಿ. ವ್ಯಾಪಾರಿ ಹಿಡಿ ಹತ್ತಿ ಹಿಂಜಿ ಬೀಜ ನೋಡುವುದು ಇದಕ್ಕೇ.

ಪ್ಲಾಸ್ಟಿಕ್ ಗೊಬ್ಬರದ ಚೀಲದಲ್ಲಿ ಮಾತ್ರ ಹತ್ತಿ ತುಂಬಬೇಡಿ. ಅದರ ಎಳೆ ಜಿನ್ನಿನಲ್ಲಿ ಚೂರಾಗಿ ಅರಳೆಯಲ್ಲಿ ಬೆರೆತುಬಿಡುತ್ತದೆ. ಬಿಳಿ ಎಳೆ ಬಿಳಿ ಹತ್ತಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಟ್ಟೆಗೆ ಬಣ್ಣ ಹಾಕಿದಾಗ ಅದೊಂದು ಬಣ್ಣ ಹೀರದೆ ಗೆರೆಯಾಗಿ ನಿಲ್ಲುತ್ತದೆ. ಹತ್ತಿಬಟ್ಟೆಯ ಅಂಡಿಗೆಯೇ ಸರಿ. ಹುಳು ತಿಂದ ಹಳದಿ ಹತ್ತಿಯನ್ನು ಬೇರೆಯೇ ಇಡಿ, ಬೆರೆಸಿದರೆ ಎಲ್ಲಕ್ಕೂ ಅದರದೇ ದರ.

ಪ್ರಶ್ನೆ: ಸಾಲಿಗೆ ಸಾಲು 90, ಗಿಡಕ್ಕೆ ಗಿಡ 15 ಸೆಂ.ಮೀ. ಇಟ್ಟು ಮಾಡುವ ಒತ್ತು ಬಿತ್ತನೆ ನಮಗೆ ಆದೀತೇ? (ಎಚ್.ಡಿ. ಕೋಟೆ)

ಉತ್ತರ: ಮಳೆಯಾಶ್ರಿತ ತೆಳು ಮಣ್ಣಾದರೆ ಎರಡು ಎಕರೆಯಲ್ಲಿ ಮಾಡಿ ನೋಡಿ. ಎಕರೆಗೆ ಹತ್ತಿರ ಹತ್ತಿರ 30,000 ಗಿಡ. 475 ಗ್ರಾಂನ ಪ್ಯಾಕೆಟ್ ಆರಾದರೂ ಬೇಕು. ಗಿಡ ನೆಟ್ಟಗೆ ನಿಲ್ಲುವ, ಬೇಗ ಮುಗಿಯುವ ತಳಿಯೇ ಇರಲಿ. ಹರಡಿಕೊಳ್ಳುವ ತಳಿಯಾದರೆ ಒಳಗೆ ಗಾಳಿಯಾಡದೆ ಕಾಯಿ ಕೊಳೆಯುತ್ತದೆ. 45ನೇ ದಿನ, ಮತ್ತೆ 65ನೇ ದಿನ ಮೆಪಿಕ್ವಾಟ್ ಕ್ಲೋರೈಡ್ 5% ಲೀಟರಿಗೆ 1.2 ಮಿ.ಲೀ.ನಂತೆ ಸಿಂಪಡಿಸಿ ಗಿಡದ ಎತ್ತರ ಹಿಡಿಯಬೇಕು. ಗಿಡ ನೀರಿಲ್ಲದೆ ಬಾಡಿರುವಾಗ ಹೊಡೆದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಮಳೆಯಾಗುವವರೆಗೆ ಕಾಯಿರಿ. ನೀರಾವರಿಯಿರುವ ಎರೆ ಹೊಲಕ್ಕೆ ಈ ಪದ್ಧತಿ ಬೇಡ.