ಬಿದ್ರಿಯ ಕಪ್ಪಿಗೆ ನೀಲಿ ಬಳಿದಿದ್ದೀರಿ

ಪ್ರಿಯ ತಮ್ಮಾ,

ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕಸುಬಿನ ಬೀದರಿನ ಉಸ್ತಾದರೊಬ್ಬರ ಮೇಲೆ ನೀವು ಮಾಡಿದ 11 ನಿಮಿಷದ ವಿಡಿಯೊ ಮತ್ತು ಅದರ ಸ್ಕ್ರಿಪ್ಟ್ ತಲುಪಿದವು. ವಿಡಿಯೊವನ್ನು ಎರಡು ಸಲ ನೋಡಿದೆ, ಮೂರನೇ ಸಲ ದನಿ ಬಂದ್ ಮಾಡಿ ನೋಡಿದೆ. ಈಗಿರುವ ರೂಪದಲ್ಲಿ ತೆಗೆದುಕೊಳ್ಳಲಾರೆ. ಸ್ಕ್ರಿಪ್ಟ್ ಚೆನ್ನಾಗಿದೆ, ಅದನ್ನು ಕೆಡಿಸಿದ್ದು ಮೇಲೆ ಹೊದಿಸಿದ ಬಿ-ರೋಲ್ (ಮಾತಿನ ಮೇಲೆ ಹಾಕುವ ಬೇರೆ ದೃಶ್ಯಗಳು) ಮತ್ತು ಎಫೆಕ್ಟುಗಳು. ಬೇಜಾರಾದರೆ ಒಂದು ದಿನ ಬಿಟ್ಟು ಮತ್ತೆ ಓದಿರಿ.

ಮೊದಲು ಬಣ್ಣದ ಮಾತು. ಇಡೀ ವಿಡಿಯೊಕ್ಕೆ ಒಂದು ರೆಡಿಮೇಡ್ ಸಿನಿಮಾ ಫಿಲ್ಟರ್ ಹಾಕಿದ್ದೀರಿ. ನೆರಳೆಲ್ಲ ನೀಲಿ, ಬೆಳಕೆಲ್ಲ ಕಿತ್ತಳೆ. ಬೇರೆ ಕಸುಬಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬಿದ್ರಿಯಲ್ಲಿ ಇರುವುದೇ ಕರಿ ಮತ್ತು ಬಿಳಿ. ನಿಮ್ಮ ವಿಡಿಯೊದ ಹೂಜಿ ನೀಲಿ, ಅದರ ಮೇಲಿನ ಬೆಳ್ಳಿ ಹಿತ್ತಾಳೆ! ಬೀದರಿನವರು ನೋಡಿದರೆ ಇದು ಎಲ್ಲಿಯ ಡುಪ್ಲಿಕೇಟ್ ಮಾಲು ಎಂದು ಕೇಳುತ್ತಾರೆ.

ಇದಕ್ಕಿಂತ ದೊಡ್ಡ ತಪ್ಪು ದೃಶ್ಯಗಳ ಕ್ರಮದಲ್ಲಿದೆ. ಉಸ್ತಾದರು ಎರಕದ ಬಗ್ಗೆ ಹೇಳುವಾಗ ಪರದೆಯ ಮೇಲೆ ಬೆಳ್ಳಿ ತಂತಿ ಕೂರಿಸುವ ಕೈ ಇದೆ. ಕೆತ್ತನೆಯ ಮಾತು ಬಂದಾಗ ಸಿದ್ಧವಾದ ತಟ್ಟೆ ಇದೆ. ಖಾಲಿ ಜಾಗಕ್ಕೆ ಕೈಗೆ ಸಿಕ್ಕ ತುಣುಕು ತುರುಕಿದ್ದೀರಿ. ಬಿದ್ರಿಯಲ್ಲಿ ಇದು ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಎರಡು ಕಪ್ಪುಗಳಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ ಬೂದು ಬಣ್ಣದ್ದು. ಉಳಿಯ ಗೀರು ಕಣ್ಣಿಗೆ ಕಾಣಲಿ ಎಂದು ಮೈಲುತುತ್ತದ ನೀರು ಸವರಿ ಅದನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಗೀರಿನೊಳಗೆ ಬೆಳ್ಳಿ ತಟ್ಟಿ ಕೂರಿಸಿ, ಉಜ್ಜಿ ನಯ ಮಾಡಿದಾಗ ಆ ಕಪ್ಪು ಹೋಗುತ್ತದೆ. ಬೂದು ಲೋಹದಲ್ಲಿ ಬೆಳ್ಳಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ, ಅಷ್ಟು ಹೊತ್ತಿನ ಕೆಲಸವೇ ಮಾಯವಾದಂತೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿ ನೀರು. ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ, ಕಳೆದುಹೋಗಿದ್ದ ಬಳ್ಳಿ ಹೂವು ಎಲ್ಲ ಒಮ್ಮೆಲೇ ಎದ್ದು ಬರುತ್ತವೆ.

ಈ ಗಳಿಗೆಗೆ ನೀವು ಕೊಟ್ಟದ್ದು ನಾಲ್ಕು ಸೆಕೆಂಡು. ಅದರಲ್ಲೂ ಚಿತ್ರ ಕೆಟ್ಟಂತೆ ಅದುರಿಸುವ ಒಂದು ಗ್ಲಿಚ್ ಟ್ರಾನ್ಸಿಷನ್, ಒಂದು ಝೂಮ್, ಢಂ ಎನ್ನುವ ಒಂದು ಸದ್ದು. ತಮ್ಮಾ, ಉಸ್ತಾದರೇ ಎಫೆಕ್ಟ್ ಮಾಡಿಟ್ಟಿದ್ದಾರಲ್ಲ, ಅದರ ಮೇಲೆ ನಿಮ್ಮದೇಕೆ? ಟ್ರೈಪಾಡ್ ಇಟ್ಟು, ಕಟ್ ಮಾಡದೆ, ಅದು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ತೋರಿಸಿರಿ.

ಕೋಟೆಯ ಮಣ್ಣು ಎಂದೆನಲ್ಲ. ನಿಮ್ಮಲ್ಲಿ ಕೋಟೆ ಬರುವುದು ಆಕಾಶದಿಂದ, ಶುರುವಿನ 40 ಸೆಕೆಂಡು, ಅದೂ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಡ್ರೋನ್ ತುಣುಕುಗಳಲ್ಲಿ. ಇನ್ನೊಬ್ಬರ ತುಣುಕನ್ನು ಕೇಳದೆ ಬಳಸುವಂತಿಲ್ಲ. ನೀವೇ ಹಾರಿಸುತ್ತೇನೆ ಎಂದು ಹೊರಡಲೂಬೇಡಿ, ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ. ಸರ್ಕಾರದ ಡ್ರೋನ್ ನಕಾಶೆ ಡಿಜಿಟಲ್ ಸ್ಕೈಯಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡದೆ, ಅನುಮತಿ ಇಲ್ಲದೆ ಡ್ರೋನ್ ಮೇಲೆತ್ತಿದರೆ ಕಥೆ ಠಾಣೆಯಲ್ಲಿ ಮುಗಿಯುತ್ತದೆ. ಅಷ್ಟಕ್ಕೂ ಈ ಕಥೆಯಲ್ಲಿ ಕೋಟೆಯ ಕೆಲಸ ಏನು? ಒಂದು ಹಿಡಿ ಮಣ್ಣು ಕೊಡುವುದು. ಆ ಹಿಡಿಯನ್ನು ಹತ್ತಿರದಿಂದ ತೋರಿಸಿರಿ, ಉಸ್ತಾದರು ಅದನ್ನು ಪರೀಕ್ಷಿಸುವ ರೀತಿ ತೋರಿಸಿರಿ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಟಿವಿ ದೃಶ್ಯವನ್ನೂ ತೆಗೆಯಿರಿ. ಸಂತೋಷದ ಸಂಗತಿಯೇ, ಆದರೆ ನಿಮ್ಮ ಉಸ್ತಾದರು ಬೇರೆಯವರು. ನೋಡುವವರಿಗೆ ಇಬ್ಬರೂ ಒಂದೇ ಎನಿಸುತ್ತದೆ.

ಸ್ಲೋ ಮೋಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡಿಗೆ 120 ಫ್ರೇಮ್‌ನಲ್ಲಿ ಹಿಡಿದು 25ರಲ್ಲಿ ಓಡಿಸಿದ್ದೀರಿ, ಸುತ್ತಿಗೆ ಸುಮಾರು ಐದು ಪಟ್ಟು ನಿಧಾನವಾಯಿತು, ಸದ್ದು ಸತ್ತಿತು. ಆ ಕೈಯ ಚುರುಕೇ ಅವರ ಅನುಭವ. ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬೆಳಕು ಮಿನುಗುವುದು ಟ್ಯೂಬ್‌ಲೈಟಿನ ಕರಾಮತ್ತು. ನಮ್ಮ ಕರೆಂಟು 50 ಹರ್ಟ್ಝ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟುಕೊಳ್ಳಿ, ಇಲ್ಲವೇ ಅವರನ್ನು ಬಾಗಿಲ ಹತ್ತಿರ ಕೂರಿಸಿ.

ಈಗ ನನ್ನನ್ನು ಭಾಳ ಕಾಡಿದ ಜಾಗ. ಏಳನೇ ನಿಮಿಷದಲ್ಲಿ ಉಸ್ತಾದರು, ಮಗ ಈ ಕೆಲಸ ಬೇಡವೆಂದು ಹೈದರಾಬಾದಿಗೆ ಹೋದ ಎನ್ನುತ್ತಾರೆ. ಹೇಳಿ ಸುಮ್ಮನಾಗುತ್ತಾರೆ. ಆ ಮೌನದ ಮೇಲೆ ನೀವು ಅಂಗಡಿಯ ಕಪಾಟಿನಲ್ಲಿ ಹೊಳೆಯುವ ಹೂದಾನಿಗಳನ್ನು ಇಟ್ಟಿದ್ದೀರಿ. ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ನೋಡಿದವರಿಗೆ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತು. ನಿಮ್ಮ ಜೋಡಣೆಯಲ್ಲಿ ನನಗೆ ಕಂಡದ್ದು ಮಾಲು ಮಾರಾಟವಾಗಲಿಲ್ಲವಲ್ಲ ಎಂಬ ವ್ಯಾಪಾರಿಯ ಚಿಂತೆ. ಅವರ ಮುಖದ ಮೇಲೆ ಏನೂ ಹೊದಿಸಬೇಡಿ. ಮಗ ಕೂರುತ್ತಿದ್ದ ಜಾಗ ಅಂಗಳದಲ್ಲಿದ್ದರೆ, ಆಮೇಲೆ ಅದನ್ನು ತೋರಿಸಬಹುದು.

ಬಿ-ರೋಲ್ ಬೇಡ ಎನ್ನುತ್ತಿಲ್ಲ. ಆ ಹೆಸರೇ ಹುಟ್ಟಿದ್ದು 16 ಎಂಎಂ ಫಿಲ್ಮಿನ ಕಾಲದಲ್ಲಿ, ಜೋಡಣೆಯ ಗುರುತು ಕಾಣದಿರಲೆಂದು ಎ ಮತ್ತು ಬಿ ಎಂದು ಎರಡು ಸುರುಳಿ ಮಾಡಿ ಶಾಟುಗಳನ್ನು ಹಂಚುತ್ತಿದ್ದಾಗ. ಸಂದರ್ಶನದಲ್ಲಿ ನೀವು ಮಾತು ಕತ್ತರಿಸಿದ ಕಡೆ ಮುಖ ಜಿಗಿಯುತ್ತದೆ, ಅಲ್ಲಿ ಕೈಯ ಶಾಟ್ ಹಾಕಿರಿ, ಯಾರೂ ಬೇಡ ಎನ್ನುವುದಿಲ್ಲ. ಅಂಥ ಜಾಗಗಳು ಐದಾರು ಇವೆ, ಅಲ್ಲೇ ನೀವು ಏನೂ ಹಾಕಿಲ್ಲ!

ನಾನೂ ಸಾಚಾ ಅಲ್ಲ. ಮೊದಲ ಸಲ ಕ್ಯಾಮೆರಾ ಹಿಡಿದು ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋದಾಗ ತೇರಿನ ಮೇಲೆ ಝೂಮ್ ಹಿಂದೆ ಮುಂದೆ ಆಡಿಸಿದೆನೇ ಹೊರತು ಹತ್ತು ಸೆಕೆಂಡು ಅಲುಗದ ಶಾಟ್ ಒಂದೂ ತರಲಿಲ್ಲ. ಮನೆಗೆ ಬಂದು ನೋಡಿದರೆ ತಲೆ ತಿರುಗುವುದು ಬಿಟ್ಟು ಬೇರೇನೂ ಇರಲಿಲ್ಲ.

ಉಸ್ತಾದರ ಹತ್ತಿರ ಇನ್ನೊಂದು ದಿನ ಹೋಗಿ ಬನ್ನಿ. ಒಂದೇ ಪಾತ್ರೆಯನ್ನು ಎರಕದಿಂದ ಮಣ್ಣಿನವರೆಗೆ ಹಿಂಬಾಲಿಸಿರಿ, ಹತ್ತು ಪಾತ್ರೆ ಬೇಡ. ಹೊಸ ಕಟ್ ಏಳು ನಿಮಿಷ ದಾಟದಿರಲಿ. ಕಳಿಸುವಾಗ ಸಂಗೀತ ಹಾಕಬೇಡಿ, ಉಳಿಯ ಸದ್ದು ನನಗೆ ಕೇಳಬೇಕು.

ನಿಮ್ಮ,
ಸಂಪಾದಕ